ಒಳಗೇ ಆದ ಗಾಡಿ

ನನ್ನ ಪ್ರೊಬೇಷನ್ನಿನ ನೂರ ಎಪ್ಪತ್ತೆಂಟನೆಯ ದಿನ, ಬುಧವಾರ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ, ವಿಶ್ವವಿದ್ಯಾಲಯದ ಒಳಗೆ ಒಂದು ಗಾಡಿ ಹೆಚ್ಚಾಯಿತು.

ಕಡಿಮೆಯಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲವೇನೋ. ಇಲ್ಲ, ಹೆದರುತ್ತಿದ್ದೆ. ಆದರೆ ಬೇರೆ ಥರ.

ನನ್ನ ಕೆಲಸ ಇಷ್ಟೇ. ಮುಖ್ಯ ಗೇಟಿನ ಪಕ್ಕದ ಗೂಡಿನಲ್ಲಿ ಕೂತು, ಒಳಗೆ ಬರುವ ಪ್ರತಿ ಗಾಡಿಗೂ ಒಂದು ಸಾಲು ಬರೆಯುವುದು. ಗೇಟಿನ ಕ್ಯಾಮೆರಾ ತೆಗೆದ ಫೋಟೋವನ್ನು ಆ ಸಾಲಿನ ಪಕ್ಕ ಅಂಟಿಸುವುದು. ಗಾಡಿ ಹೊರಗೆ ಹೋಗುವಾಗ ಇನ್ನೊಂದು ಸಾಲು, ಇನ್ನೊಂದು ಫೋಟೋ. ಅಲ್ಲಿ ಒಳಗೆ ಬಂದಾಗಿನ ಕ್ರಮಸಂಖ್ಯೆಯನ್ನು ಕಡ್ಡಾಯವಾಗಿ ನಮೂದಿಸಬೇಕು. ಸಂಜೆ ಆರಕ್ಕೆ ಅಡ್ಡಕಂಬ ಇಳಿಸಿ, ಒಳಗೆ ನಿಂತಿರುವ ಗಾಡಿಗಳನ್ನೆಲ್ಲ ನಡೆದುಕೊಂಡು ಹೋಗಿ ಎಣಿಸುತ್ತೇವೆ. ನಿನ್ನೆ ಉಳಿದದ್ದಕ್ಕೆ ಇವತ್ತು ಬಂದದ್ದು ಕೂಡಿ, ಹೋದದ್ದು ಕಳೆದರೆ, ನಿಂತದ್ದು ಸಿಗಬೇಕು. ಸಿಗುವ ತನಕ ಕಂಬ ಮೇಲೇಳುವುದಿಲ್ಲ. ಕುಲಪತಿಗಳ ಕಾರಾದರೂ ಅಷ್ಟೆ.

ನೂರ ಎಂಬತ್ತು ದಿನ ಸತತವಾಗಿ ಲೆಕ್ಕ ಕೂಡಿದರೆ ನೌಕರಿ ಖಾಯಂ. ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಶುರು. ಹಾವು ಏಣಿ ಆಟದ ಹಾಗೆ, ಆದರೆ ಇದರಲ್ಲಿ ಏಣಿ ಇಲ್ಲ. ನಾನು ಒಮ್ಮೆ ತೊಂಬತ್ತೊಂದರಲ್ಲಿ, ಇನ್ನೊಮ್ಮೆ ನೂರ ನಲವತ್ತರಲ್ಲಿ ಜಾರಿದ್ದೆ. ಖಾಯಂ ಆದರೆ ಹಿಂದಿನ ಗೋಡೆಯ ಸಾಲಿನಲ್ಲಿ ಎರಡು ಕೋಣೆಯ ಮನೆ ಸಿಗುತ್ತದೆ. ಸದ್ಯ ನಾನು, ಹೆಂಡತಿ, ಮಗಳು ಮೂವರೂ ಹೆಂಡತಿಯ ಅಣ್ಣನ ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿದ್ದೇವೆ. ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಹಾಸಿಗೆ ಹಾಸಬೇಕಾದರೆ ಹೊಲಿಗೆ ಮಿಷನ್ನನ್ನು ಎತ್ತಿ ಅಂಗಡಿಯಲ್ಲಿಡಬೇಕು. ಅವಳ ಅಣ್ಣ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಆಡದೆ ಇರುವುದು ಎಷ್ಟು ಜೋರಾಗಿ ಕೇಳಿಸುತ್ತದೆ ಎನ್ನುವುದು ಅಂಥ ಮನೆಯಲ್ಲಿದ್ದವರಿಗೇ ಗೊತ್ತು.

ಆ ಬುಧವಾರ ಉಳಿದದ್ದು ಒಂಬತ್ತು, ಬಂದದ್ದು ನಾನೂರ ಮೂರು, ಹೋದದ್ದು ಮುನ್ನೂರ ಎಪ್ಪತ್ತೊಂದು. ನಲವತ್ತೊಂದು ನಿಂತಿರಬೇಕು. ನಲವತ್ತೆರಡು ನಿಂತಿದ್ದವು.

"ಇನ್ನೊಂದ್ಸಲ ಎಣಿಸ್ತೀನಿ ಅಕ್ಕ," ಎಂದೆ.

ಅಕ್ಕ ಎಂದರೆ ಅಡ್ಡಕಂಬ ಎತ್ತುವ ಕಾವಲುಗಾರ್ತಿ. ಇಡೀ ಕ್ಯಾಂಪಸ್ಸಿಗೇ ಅಕ್ಕ. "ಮೂರು ಸಲ ಎಣಿಸಿದ್ದೀಯಪ್ಪ. ಎಣಿಸಿದ ಹಾಗೆಲ್ಲ ಮರಿ ಹಾಕ್ತವೇನೋ, ಸುಮ್ನಿರು."

ನನಗೆ ಮೊದಲು ಅನುಮಾನ ಬಂದದ್ದು ನನ್ನ ಮೇಲೆಯೇ. ಹನ್ನೊಂದೂವರೆಗೆ ನೀರು ಕುಡಿದಿದ್ದೆ. ಕುಡಿಯುವಾಗ ತಲೆ ಎತ್ತಿದ್ದೆನಲ್ಲ, ಆಗ ಯಾವುದಾದರೂ ನುಸುಳಿತೇ? ಎರಡು ಗಂಟೆಗೆ ಸೀನಿದ್ದೂ ಹೌದು. ಸೀನುವಾಗ ಕಣ್ಣು ಮುಚ್ಚುತ್ತದೆ ಎಂದು ಸಂಜೆ ಕಾಲೇಜಿನಲ್ಲಿ ಯಾರೋ ಹೇಳಿದ್ದರು. ಒಂದು ಸೀನಿನಲ್ಲಿ ಒಂದು ಕಾರು ಒಳಗೆ ಬರಲು ಸಾಧ್ಯವೇ ಎಂದು ನಾನು ಗಂಭೀರವಾಗಿಯೇ ಯೋಚಿಸಿದೆ.

ಅಷ್ಟರಲ್ಲಿ ಗೇಟಿನ ಒಳಗೆ ಇಪ್ಪತ್ತು ಕಾರು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು. ಸೆಕ್ಯುರಿಟಿ ಆಫೀಸರು ಓಡಿಬಂದರು. ಮಾತಾಡುವ ಮೊದಲು ಅಭ್ಯಾಸಬಲದಿಂದ ಕೊರಳಲ್ಲಿ ನೇತಾಡುವ ಪೀಪಿಯನ್ನು ಒಮ್ಮೆ ಊದುತ್ತಿದ್ದರಾದ್ದರಿಂದ ಎಲ್ಲರೂ ಅವರನ್ನು ಹಿಂದಿನಿಂದ ಪೀಪಿ ಸಾಹೇಬರು ಎನ್ನುತ್ತಿದ್ದರು.

"ಕಳೆದುಹೋದ್ರೆ ಕಳ್ಳತನ ಅಂತ ಬರೀಬಹುದು," ಎಂದರು ಪೀಪಿ ಸಾಹೇಬರು, ಊದಿ ಮುಗಿಸಿ. "ಹೆಚ್ಚಾದ್ರೆ ಏನಂತ ಬರೀಲಿ? ಯಾರೋ ಬಿಟ್ಟು ಹೋಗೋಕೆ ಇದೇನು ಬೆಕ್ಕಿನ ಮರಿನಾ?"

"ನನ್ನ ತಪ್ಪೇ ಇರಬೇಕು ಸಾರ್."

"ತಪ್ಪು ಯಾರದ್ದು ಅಂತ ಆಮೇಲೆ ನೋಡೋಣ. ಟೋಕನ್ ಇಲ್ಲದ ಗಾಡಿ ಹುಡುಕಿ."

ಒಳಗೆ ಬಂದ ಪ್ರತಿ ಗಾಡಿಯ ಕನ್ನಡಿಗೂ ಒಂದು ಹಳದಿ ಟೋಕನ್ ನೇತುಹಾಕುತ್ತೇವೆ. ಹದಿನೈದು ನಿಮಿಷ ಹುಡುಕಿದ ಮೇಲೆ, ವರ್ಕ್‌ಶಾಪಿನ ಹಿಂದಿನ ತಗಡಿನ ಚಪ್ಪರದ ಕೆಳಗೆ ಟೋಕನ್ನಿಲ್ಲದ ಒಂದು ಸಣ್ಣ ಹಸಿರು ಕಾರು ಸಿಕ್ಕಿತು. ಒಂದು ಬಾಗಿಲು ಮಾತ್ರ ಬಿಳಿ. ಅದರ ಮುಂದೆ ವರ್ಕ್‌ಶಾಪ್ ಮೇಷ್ಟ್ರು ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

"ಇದು ಯಾವಾಗ ಒಳಗೆ ಬಂತು ಸಾರ್?" ಎಂದೆ.

"ಬಂದಿಲ್ಲ ಕಣ್ರೀ. ಇಲ್ಲೇ ಹುಟ್ಟಿದ್ದು."

ಹನ್ನೊಂದು ವರ್ಷಗಳ ಪ್ರಾಯೋಗಿಕ ತರಗತಿಗಳಲ್ಲಿ, ಒಂದೊಂದು ಬ್ಯಾಚಿಗೆ ಒಂದೊಂದು ಅಂಗದಂತೆ, ವಿದ್ಯಾರ್ಥಿಗಳ ಕೈಯಲ್ಲಿ ಅವರು ಅದನ್ನು ಮಾಡಿಸಿದ್ದರು. ಎಂಜಿನ್ನು ಕೈಗಾಡಿಯಲ್ಲಿ ಬಂದಿತ್ತು. ಸೀಟುಗಳು ಬಸ್ಸಿನ ಮೇಲೆ. ಸ್ಟೇರಿಂಗನ್ನು ಮೇಷ್ಟ್ರು ತಾವೇ ಕೊರಳಿಗೆ ಹಾಕಿಕೊಂಡು ನಡೆದುಕೊಂಡು ತಂದಿದ್ದರು. ಇವೆಲ್ಲ ಸಾಮಾನು, ಸಾಮಾನಿಗೆ ನನ್ನ ರಿಜಿಸ್ಟರಿನಲ್ಲಿ ಜಾಗವಿಲ್ಲ. ನಿಂತದ್ದನ್ನು ಎಣಿಸುವಾಗ ನಮಗೊಂದು ನಿಯಮವಿದೆ: ಎಷ್ಟು ಚಕ್ರವಿರಬೇಕೋ ಅಷ್ಟೂ ನೆಲಕ್ಕೆ ತಾಗಿದ್ದರೆ ಅದು ವಾಹನ, ಇಲ್ಲದಿದ್ದರೆ ವಸ್ತು. ಹನ್ನೊಂದು ವರ್ಷ ಮರದ ದಿಮ್ಮಿಗಳ ಮೇಲೆ ಕೂತಿದ್ದ ಆ ವಸ್ತುವಿಗೆ ಮೇಷ್ಟ್ರು ಅವತ್ತು ಮಧ್ಯಾಹ್ನ ಮೂರು ಗಂಟೆಗೆ ನಾಲ್ಕನೆಯ ಚಕ್ರ ಹಾಕಿ ದಿಮ್ಮಿ ಎಳೆದಿದ್ದರು.

ನನಗೆ ಒಂದು ಕ್ಷಣ ಸಮಾಧಾನವಾಯಿತು. ಸೀನಿನದ್ದಲ್ಲ ತಪ್ಪು.

"ಹೆಂಗಿದೆ?" ಎಂದು ಮೇಷ್ಟ್ರು ಬಾನೆಟ್ ಸವರಿದರು.

"ಹೆತ್ತವರಿಗೆ ಹೆಗ್ಗಣ ಮುದ್ದು," ಎಂದಳು ಅಕ್ಕ, ಮೆಲ್ಲಗೇ, ಆದರೆ ಎಲ್ಲರಿಗೂ ಕೇಳುವಷ್ಟು.

ಪೀಪಿ ಸಾಹೇಬರು ಒಂದು ಚಕ್ರಕ್ಕೆ ಜಾಕ್ ಕೊಡಿಸಿದರು. ಚಕ್ರ ನೆಲ ಬಿಟ್ಟು ಒಂದು ಗೇಣು ಎದ್ದಿತು. ಗಾಡಿ ಮತ್ತೆ ವಸ್ತುವಾಯಿತು. ನಲವತ್ತೊಂದು. ಕಂಬ ಎದ್ದಿತು, ಪ್ರೊಫೆಸರುಗಳು ನನ್ನನ್ನು ದುರುಗುಟ್ಟಿಕೊಂಡು ಮನೆಗೆ ಹೋದರು. ನಾನು ಷರಾ ಕಾಲಮ್ಮಿನಲ್ಲಿ "ಸರಿ" ಎಂದು ಬರೆದೆ. ಸರಿಯೋ ಅಲ್ಲವೋ ಎಂದು ಗೂಡಿನಲ್ಲಿ ಅರ್ಧ ಗಂಟೆ ಕೂತು ಯೋಚಿಸಿದೆ.

ಕಷ್ಟ ಇದ್ದದ್ದು ಮುಂದೆ. ಶುಕ್ರವಾರ ಮೇಷ್ಟ್ರ ನಿವೃತ್ತಿ. ಇಲಾಖೆಯವರು ಗಾಡಿಯನ್ನು ಅವರಿಗೇ ಬೀಳ್ಕೊಡುಗೆಯಾಗಿ ಬರೆದುಕೊಟ್ಟಿದ್ದರು. ತಾತ್ಕಾಲಿಕ ನಂಬರಿನ ಕಾಗದವೂ ಬಂದಿತ್ತು. ಮೇಷ್ಟ್ರು ಅದನ್ನು ಓಡಿಸಿಕೊಂಡು ಮನೆಗೆ ಹೋಗುವವರಿದ್ದರು. ನನ್ನ ನೂರ ಎಂಬತ್ತನೆಯ ದಿನವೂ ಅದೇ ಶುಕ್ರವಾರ.

"ಶನಿವಾರ ತಗೊಂಡು ಹೋಗಬಾರದಾ ಸಾರ್?" ಎಂದು ಕೇಳಿಯೇಬಿಟ್ಟೆ. ಕೇಳಿದ್ದಕ್ಕೆ ನಾಚಿಕೆಯೂ ಆಯಿತು.

"ಶುಕ್ರವಾರ ಐದೂವರೆ ಆದ್ಮೇಲೆ ನಾನು ಹೊರಗಿನವನು. ಹೊರಗಿನವನ ಗಾಡಿ ಒಳಗಿದ್ರೆ ಚಕ್ರಕ್ಕೆ ಬೀಗ ಜಡೀತೀರಿ. ಜಡಿಯೋದು ಯಾರು? ನೀವೇ."

ಅದೂ ನಿಜ. ನಾನೇ ಜಡಿಯುವುದು.

ಹೊರಗೆ ಹೋಗುವ ಸಾಲಿಗೆ ಒಳಗೆ ಬಂದ ಸಂಖ್ಯೆ ಬೇಕು. ಒಳಗೆ ಬಂದ ಸಾಲಿಗೆ ಒಳಗೆ ಬರುತ್ತಿರುವ ಫೋಟೋ ಬೇಕು. ಬಾರದೇ ಇರುವುದರ ಫೋಟೋ ಎಲ್ಲಿಂದ ತರಲಿ?

ಗುರುವಾರ ಬೆಳಗ್ಗೆ ಪೀಪಿ ಸಾಹೇಬರು ಕಣ್ಣರಳಿಸಿಕೊಂಡು ಬಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ ಹೊಳೆದಿದೆ ಎಂದರು. ನಮ್ಮ ಕ್ಯಾಮೆರಾಗಳು ನೋಡುವುದು ಗಾಡಿಯ ಮುಖವನ್ನು ಮಾತ್ರ. ಮುಖ ಒಳಗಡೆಗಿದ್ದರೆ ಗಾಡಿ ಬರುತ್ತಿದೆ, ಹೊರಗಡೆಗಿದ್ದರೆ ಹೋಗುತ್ತಿದೆ ಎಂದು ಅವುಗಳ ನಂಬಿಕೆ. ಹಾಗಾಗಿ ಹಸಿರು ಕಾರನ್ನು ಒಳಬರುವ ದಾರಿಯಲ್ಲಿ ಹಿಂದಕ್ಕೆ ಓಡಿಸಿ ಹೊರಗೆ ಬಿಟ್ಟರೆ, ಅಂದವಾದ ಆಗಮನದ ಫೋಟೋ ಸಿಗುತ್ತದೆ.

"ಬರಹದಲ್ಲಿ ಆದೇಶ ಕೊಡ್ತೀರಾ ಸಾರ್?"

"ಕೊಡ್ತೀನಿ. ನಿಮ್ಮಂಥೋರು ಸಿಕ್ರೆ ಯಮನೂ ಸಮನ್ಸ್ ತರಬೇಕು."

ಮಧ್ಯಾಹ್ನ ಹನ್ನೆರಡಕ್ಕೆ ಮೇಷ್ಟ್ರು ಕತ್ತನ್ನು ಹಿಂದಕ್ಕೆ ತಿರುಗಿಸಿಕೊಂಡು, ನಾಲಿಗೆ ಕಚ್ಚಿಕೊಂಡು, ಗಾಡಿಯನ್ನು ಹಿಮ್ಮುಖವಾಗಿ ಹೊರಗೆ ತಂದರು. ಕ್ಯಾಮೆರಾ ಕ್ಲಿಕ್ಕೆಂದಿತು. ನಾನು ಬರೆದೆ: ಕ್ರಮಸಂಖ್ಯೆ ಇನ್ನೂರ ಹನ್ನೆರಡು, ಹಸಿರು ಕಾರು, ಒಳಗೆ ಬಂದಿದೆ.

"ಬಂತು!" ಎಂದು ಸಾಹೇಬರು ಪೀಪಿ ಊದಿದರು.

"ಹಾಗಾದ್ರೆ ನಾನು ಒಂದು ಸುತ್ತು ಹೋಗಿ ಬರ್ತೀನಿ," ಎಂದರು ಹೊರಗೆ ರಸ್ತೆಯಲ್ಲಿದ್ದ ಮೇಷ್ಟ್ರು.

"ಸಾರ್, ತಾಳಿ," ಎಂದೆ. "ಗಾಡಿ ಈಗ ಒಳಗಿದೆ ಅಂತ ಬರೆದಿದ್ದೀನಿ. ಆದ್ರೆ ಹೊರಗಿದೆ. ಸಂಜೆ ಎಣಿಸಿದ್ರೆ ಒಂದು ಕಮ್ಮಿ ಬರುತ್ತೆ."

"ಹೋಗಿದೆ ಅಂತ ಇನ್ನೊಂದು ಸಾಲು ಬರೀರಿ!"

"ಹೋಗೋದಕ್ಕೂ ಫೋಟೋ ಬೇಕಲ್ಲ ಸಾರ್."

ಆಮೇಲೆ ಮೇಷ್ಟ್ರು ರಸ್ತೆಯಲ್ಲಿ ಗಾಡಿ ತಿರುಗಿಸಿ, ಹೊರಹೋಗುವ ದಾರಿಯಲ್ಲಿ ಹಿಮ್ಮುಖವಾಗಿ ಒಳಗೆ ಬಂದರು. ಕ್ಲಿಕ್. ನಿರ್ಗಮನ. ರಿಜಿಸ್ಟರಿನ ಪ್ರಕಾರ ಹಸಿರು ಕಾರು ಬಂದು ಹೋಗಿತ್ತು. ಲೆಕ್ಕ ಸರಿಯಾಗಿತ್ತು. ಗಾಡಿ ಒಳಗೇ ಇತ್ತು.

"ಇನ್ನೊಂದ್ಸಲ ಮಾಡೋಣ," ಎಂದರು ಸಾಹೇಬರು. ಮೊದಲನೆಯ ಸಲ ಎಲ್ಲೋ ಕೈತಪ್ಪಿರಬೇಕು ಎಂದು ಅವರ ಅಂದಾಜು. ಮಾಡಿದೆವು. ಮತ್ತೊಂದು ಸಲವೂ ಮಾಡಿದೆವು. ವಿದ್ಯಾರ್ಥಿಗಳು ಕಾಂಪೌಂಡಿನ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಮೇಷ್ಟ್ರ ಕತ್ತು ಹಿಂದಕ್ಕೆ ತಿರುಗಿದ್ದು ಹಾಗೇ ನಿಂತು, ಅವರು ನನ್ನ ಜೊತೆ ಮಾತಾಡಬೇಕಾದರೆ ಬೆನ್ನು ತೋರಿಸಿ ನಿಲ್ಲಬೇಕಾಯಿತು.

"ಈ ಗಾಡಿ ಮೂರು ಸಲ ಬಂದು, ಮೂರು ಸಲ ಹೋಗಿ, ಇದ್ದಲ್ಲೇ ಇದೆ," ಎಂದಳು ಅಕ್ಕ. "ನನ್ನ ಬಾಳು ಇದ್ದ ಹಾಗೇ."

ಆ ಸಂಜೆ ಮತ್ತೆ ಜಾಕ್. ನೂರ ಎಪ್ಪತ್ತೊಂಬತ್ತು.

ಮನೆಯಲ್ಲಿ ಹೆಂಡತಿಯ ಗುಂಡಿ ಡಬ್ಬಿ ತೆಗೆದುಕೊಂಡು ನೆಲದ ಮೇಲೆ ಕೂತೆ. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಅದೇ ಗೇಟು ಅಂದುಕೊಂಡು, ಒಂದು ಹಸಿರು ಗುಂಡಿಯನ್ನು ಆಚೀಚೆ ತಳ್ಳಿದೆ. ಎಷ್ಟು ತಳ್ಳಿದರೂ ಅಷ್ಟೆ. ಗಾಡಿ ಹೊರಗೆ ಉಳಿಯಬೇಕಾದರೆ ಗೇಟನ್ನು ಒಂದು ಸಲವೋ ಮೂರು ಸಲವೋ ದಾಟಬೇಕು. ರಿಜಿಸ್ಟರ್ ಸರಿಯಾಗಬೇಕಾದರೆ ಎರಡು ಸಲವೋ ನಾಲ್ಕು ಸಲವೋ ದಾಟಬೇಕು. ಇದು ಪೀಪಿ ಸಾಹೇಬರ ಕೈಯಲ್ಲೂ ಇರಲಿಲ್ಲ, ಕುಲಪತಿಗಳ ಕೈಯಲ್ಲೂ ಇರಲಿಲ್ಲ.

"ರೀ, ಆ ಗುಂಡಿ ಒಬ್ಬರ ಕೋಟಿಂದು. ಏನು ಮಾಡ್ತಿದ್ದೀರಿ?"

ಹೇಳಿದೆ. ಅವಳು ಮಿಷನ್ ನಿಲ್ಲಿಸದೆ ಕೇಳಿಸಿಕೊಂಡಳು. ಆಮೇಲೆ, "ಈ ಕೋಣೆಗೆ ನಾನು ಬಂದಾಗ ಎಷ್ಟು ಜನ ಬಂದೆ?" ಎಂದಳು.

"ಒಬ್ಬಳೇ."

"ಈಗ ಬೆಳಗಾದ್ರೆ ಎಷ್ಟು ಜನ ಹೊರಗೆ ಹೋಗ್ತೀವಿ? ನಾನು ಅಂಗಡಿಗೆ, ನಿಮ್ಮ ಮಗಳು ಸ್ಕೂಲಿಗೆ. ಈ ಕೋಣೆಯಲ್ಲೇ ಹುಟ್ಟಿದವಳು. ನೀನು ಯಾವ ಬಾಗಿಲಿಂದ ಒಳಗೆ ಬಂದೆ ಅಂತ ಅವಳನ್ನ ಯಾರಾದ್ರೂ ತಡೆದು ಕೇಳಿದ್ರಾ? ಹುಟ್ಟೋದನ್ನ ಬರಿಯೋಕೆ ನಿಮ್ಮ ಪುಸ್ತಕದಲ್ಲಿ ಜಾಗ ಇಲ್ದಿದ್ರೆ ತಪ್ಪು ಹುಟ್ಟಿದ್ದರದ್ದಲ್ಲ."

"ಪುಸ್ತಕದಲ್ಲಿ ಇಲ್ಲದ್ದನ್ನ ನಾನು ಸೇರಿಸೋ ಹಾಗಿಲ್ಲ ಕಣೆ. ರಿಜಿಸ್ಟರ್ ತಿದ್ದಿದ್ರೆ ಖಾಯಂ ಬಿಡು, ಇರೋದೂ ಹೋಗುತ್ತೆ."

"ಹಾಗಾದ್ರೆ ಸುಳ್ಳು ಬರೀರಿ."

"ಅದೂ ಆಗಲ್ಲ."

"ಸರಿ, ಆ ಮೇಷ್ಟ್ರಿಗೆ ಬಸ್ಸಲ್ಲಿ ಹೋಗೋಕೆ ಹೇಳಿ."

ಅದನ್ನು ಹೇಳುವುದಕ್ಕೂ ನನ್ನಿಂದಾಗದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದಳು. ಅತ್ತ ದರಿ, ಇತ್ತ ಪುಲಿ.

ಶುಕ್ರವಾರ ಮಧ್ಯಾಹ್ನ ಪೀಪಿ ಸಾಹೇಬರು ಬೀಳ್ಕೊಡುಗೆ ಸಮಾರಂಭಕ್ಕೆ ಹೋದರು. ಹೋಗುವಾಗ, "ಏನಾದ್ರೂ ಮಾಡಿ, ಆದ್ರೆ ಏನೂ ಮಾಡಬೇಡಿ," ಎಂದು ಹೇಳಿ ಹೋದರು. ನಾನು ಸ್ಟೀಲಿನ ಸ್ಕೇಲು ತೆಗೆದೆ. "ಬಂದದ್ದು" ಮತ್ತು "ಹೋದದ್ದು" ಎಂಬ ಎರಡು ಕಾಲಮ್ಮುಗಳ ನಡುವೆ ಒಂದು ಬೆರಳಿನಷ್ಟು ಜಾಗವಿತ್ತು. ಮೊದಲು ಹಳೆಯ ಪತ್ರಿಕೆಯ ಮೇಲೆ ಹತ್ತು ಸಲ ಗೆರೆ ಎಳೆದು ಅಭ್ಯಾಸ ಮಾಡಿದೆ. ಆಮೇಲೆ ಉಸಿರು ಬಿಗಿಹಿಡಿದು ರಿಜಿಸ್ಟರಿನಲ್ಲಿ ಎಳೆದೆ. ಮೇಲ್ಗಡೆ ಅಚ್ಚಿನ ಅಕ್ಷರದ ಹಾಗೆ ಬರೆದೆ: ಒಳಗೇ ಆದದ್ದು. ಕೆಳಗೆ: ಒಂದು.

ಕೂಡಿದೆ, ಕಳೆದೆ. ಲೆಕ್ಕ ನೀರು ಹರಿದ ಹಾಗೆ ಕೂಡಿತು. ಇಷ್ಟು ಸಲೀಸಾಗಿ ಕೂಡಿದ್ದು ನೋಡಿ ಇನ್ನಷ್ಟು ಹೆದರಿಕೆಯಾಯಿತು.

ಐದು ಗಂಟೆಗೆ ಮೇಷ್ಟ್ರು ಕೊರಳಲ್ಲಿ ಹಾರ ಹಾಕಿಕೊಂಡು, ಗಾಡಿ ಓಡಿಸಿಕೊಂಡು ಗೇಟಿಗೆ ಬಂದರು. ಮುಖ ಮುಂದಕ್ಕಿತ್ತು, ಗಾಡಿಯದ್ದೂ, ಅವರದ್ದೂ. ನಾನು ಸಹಿಗೆ ರಿಜಿಸ್ಟರ್ ಹಿಡಿದೆ. ಅವರು ಕನ್ನಡಕ ಏರಿಸಿ ಹೊಸ ಕಾಲಮ್ಮನ್ನು ಗಟ್ಟಿಯಾಗಿ ಓದಿದರು.

"ಒಳಗೇ ಆದದ್ದು, ಒಂದು." ಪುಟದಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು. "ಆದದ್ದು ಅಂತ ಬರೆದಿದ್ದೀರಲ್ಲ, ಅದೇನು ತಾನಾಗೇ ಆಯ್ತಾ? ಮಾಡಿದ್ದು ಅಂತ ಬರೀಬೇಕಿತ್ತು. ಹನ್ನೊಂದು ವರ್ಷ ಕಣ್ರೀ."

"ಬದಲಾಯಿಸಲಾ ಸಾರ್?" ಎಂದೆ ಗಾಬರಿಯಾಗಿ.

"ಬೇಡ ಬೇಡ. ಗೆರೆ ಚೆನ್ನಾಗಿ ಎಳೆದಿದ್ದೀರಿ." ಸಹಿ ಹಾಕಿದರು. ಅವರಿಗೆ ಅದು ಏನು ಗೆರೆ ಎಂದು ಅರ್ಥವಾಗಿತ್ತು ಅನ್ನಿಸುತ್ತದೆ. "ನಿಮಗೆ ತೊಂದರೆ ಆಗುತ್ತಾ?"

"ಗೊತ್ತಿಲ್ಲ ಸಾರ್. ಹೋಗಿ. ಐದೂವರೆ ಆಗೋದ್ರೊಳಗೆ ಹೋಗಿ."

"ಎತ್ತಲಾ?" ಎಂದಳು ಅಕ್ಕ.

"ಎತ್ತಿ ಅಕ್ಕ."

ಕಂಬ ಎದ್ದಿತು. ಗಾಡಿ ಸರಿಯಾಗಿ ಕಂಬದ ಕೆಳಗೆ ಬಂದು ನಿಂತುಹೋಯಿತು. ಮೇಷ್ಟ್ರು ಅದಕ್ಕೆ ಏನೋ ಬೈದರು, ಆಮೇಲೆ ಏನೋ ರಮಿಸಿದರು. ಮೂರನೆಯ ಸಲ ಕೀಲಿ ತಿರುಗಿಸಿದಾಗ ಗುರುಗುಟ್ಟಿ, ನಾಲ್ಕು ಚಕ್ರವನ್ನೂ ನೆಲಕ್ಕೆ ಊರಿಕೊಂಡು, ರಸ್ತೆಗೆ ಇಳಿದು ಬಲಕ್ಕೆ ತಿರುಗಿತು. ನಾನು ಕ್ರಮಸಂಖ್ಯೆಯ ಜಾಗದಲ್ಲಿ "ಒಳಗೇ ಆದದ್ದು, ಒಂದು" ಎಂದು ಬರೆದು ಫೋಟೋ ಅಂಟಿಸಿದೆ.

ಆರಕ್ಕೆ ಲೆಕ್ಕ ಕೂಡಿತು. ಪೀಪಿ ಸಾಹೇಬರು ಪುಟ ನೋಡಿ ಪೀಪಿಯನ್ನು ಬಾಯಿಗಿಟ್ಟುಕೊಂಡರು, ಊದಲಿಲ್ಲ.

"ಇದೇನ್ರೀ ಇದು?"

"ನಾನೇ ಎಳೆದದ್ದು ಸಾರ್."

"ಕೊನೇ ದಿನ! ಇವತ್ತೊಂದು ದಿನ ಕಣ್ಣು ಮುಚ್ಕೊಂಡು ಕೂತಿದ್ರೆ ಆಗ್ತಿತ್ತಲ್ಲಪ್ಪ!" ಅವರ ದನಿಯಲ್ಲಿ ಕೋಪಕ್ಕಿಂತ ಸಂಕಟವೇ ಹೆಚ್ಚಿತ್ತು. ಸಹಿಯ ಜಾಗದಲ್ಲಿ ಸರಿ ಎಂದು ಬರೆಯಲಿಲ್ಲ, ತಪ್ಪು ಎಂದೂ ಬರೆಯಲಿಲ್ಲ. "ನೋಡಿದೆ" ಎಂದು ಬರೆದು, ಖಾಯಮಾತಿಯ ಕಡತದ ಜೊತೆಗೆ ಕುಲಸಚಿವರಿಗೆ ಕಳಿಸಿದರು.

ಸೋಮವಾರ ಸಾಹೇಬರಿಗೂ ನನಗೂ ಕುಲಸಚಿವರಿಂದ ಕರೆ ಬಂತು. ಶನಿವಾರ ಭಾನುವಾರ ನಾನು ಹೇಗಿದ್ದೆ ಎಂದು ಬರೆಯುವುದಿಲ್ಲ. ಹೊಲಿಗೆ ಮಿಷನ್ನನ್ನು ನಾಲ್ಕು ಸಲ ಒರೆಸಿದೆ ಎಂದರೆ ಸಾಕು.

ಕುಲಸಚಿವರ ಮೇಜಿನ ಮೇಲೆ ನನ್ನ ರಿಜಿಸ್ಟರ್ ಇತ್ತು, ಪಕ್ಕದಲ್ಲಿ ಹಳೆಯ ರಿಜಿಸ್ಟರುಗಳ ಒಂದು ಗುಡ್ಡೆ. ಅವರು ಭೂತಗನ್ನಡಿಯಲ್ಲಿ ಒಂದೊಂದು ಪುಟವನ್ನೂ ನೋಡಿ ತಲೆ ಎತ್ತಿದರು. ನೋಡಿದ್ದು ನನ್ನನ್ನಲ್ಲ, ಸಾಹೇಬರನ್ನು.

"ಈ ರಿಜಿಸ್ಟರಲ್ಲಿ ಕೂಡಿ ಕಳೆಯೋಕೆ ನಾಲ್ಕು ಕಾಲಂ ಇದೆ. ಈ ಹಳೇ ರಿಜಿಸ್ಟರುಗಳಲ್ಲಿ ಮೂರೇ ಯಾಕೆ?"

ಸಾಹೇಬರು ಕೊರಳಿನ ಪೀಪಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

"ಒಳಗೇ ಆದದ್ದು ಅನ್ನೋ ಕಾಲಂ ಇಲ್ಲದೆ ಆರು ವರ್ಷ ಲೆಕ್ಕ ಇಟ್ಟಿದ್ದೀರಿ. ಇಷ್ಟು ವರ್ಷದಲ್ಲಿ ಒಳಗೆ ಎಷ್ಟು ಆಗಿದೆಯೋ ಯಾರಿಗೆ ಗೊತ್ತು? ಯಾರು ಹೊಣೆ?"

"ಸಾರ್," ಎಂದೆ. ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಆ ಕಾಲಂ ಮೊದಲಿಂದ ಇರಲಿಲ್ಲ ಸಾರ್. ನಾನೇ ಶುಕ್ರವಾರ ಸ್ಕೇಲಲ್ಲಿ ಎಳೆದದ್ದು."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಎರಡು ಕೋಣೆಯ ಮನೆ, ಬಾಗಿಲು, ಕಿಟಕಿ ಸಮೇತ ಎದ್ದು ನಡೆದುಹೋಗುವುದು ನನಗೆ ಕಾಣಿಸಿತು.

"ಮೇಲಧಿಕಾರಿಯನ್ನ ಉಳಿಸೋಕೆ ತಪ್ಪು ಮೈಮೇಲೆ ಎಳ್ಕೋತಿದ್ದೀರಿ," ಎಂದರು. "ಒಳ್ಳೇ ಗುಣ. ಆದ್ರೆ ನನ್ನ ಹತ್ರ ನಡೆಯಲ್ಲ. ಪ್ರೊಬೇಷನ್ನಲ್ಲಿರೋ ಗುಮಾಸ್ತನಿಗೆ ರಿಜಿಸ್ಟರಲ್ಲಿ ಗೆರೆ ಎಳೆಯೋ ಧೈರ್ಯ ಎಲ್ಲಿಂದ ಬರುತ್ತೆ? ಇದು ಅಚ್ಚಾದ ಗೆರೆ. ನನಗೆ ಮೂವತ್ತು ವರ್ಷದ ಅನುಭವ ಇದೆ."

"ಇಲ್ಲ ಸಾರ್, ನಿಜವಾಗ್ಲೂ—"

ಸಾಹೇಬರು ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ನೂರ ಎಂಬತ್ತು ದಿನ ಪೂರ್ಣಗೊಂಡಿದೆ, ವ್ಯತ್ಯಾಸವಿಲ್ಲ, ಇಡೀ ವಿಭಾಗದಲ್ಲಿ ಸಂಪೂರ್ಣ ರಿಜಿಸ್ಟರ್ ಇಟ್ಟವರು ಇವರೊಬ್ಬರೇ ಎಂದು ಬರೆದು ಕುಲಸಚಿವರು ನನ್ನನ್ನು ಖಾಯಂ ಮಾಡಿದರು. ಆರು ವರ್ಷದ ಹಳೆಯ ರಿಜಿಸ್ಟರುಗಳಿಗೆ ನಾಲ್ಕನೆಯ ಕಾಲಂ ಎಳೆದು, ದಿನಕ್ಕೊಂದು ಸೊನ್ನೆ ತುಂಬಿಸಿ ಮೂವತ್ತು ದಿನದೊಳಗೆ ಒಪ್ಪಿಸಬೇಕೆಂದು ಸಾಹೇಬರಿಗೆ ಮೆಮೊ ಕೊಟ್ಟರು. ಹೊರಗೆ ಬಂದ ಮೇಲೆ ಸಾಹೇಬರು ಕೇಳಿದ್ದು ಒಂದೇ ಮಾತು: "ಆ ಸ್ಕೇಲು ಎಲ್ಲಿದೆ?"

ಸಂಜೆ ಮನೆಗೆ ಬಂದು ಆದೇಶದ ಕಾಗದವನ್ನು ಹೆಂಡತಿಯ ಕೈಗಿಟ್ಟೆ. ಅವಳು ಎರಡು ಸಲ ಓದಿದಳು. ಮಿಷನ್ನಿನ ಮೇಲೆ ಕೈಯಿಟ್ಟು, ಅದಕ್ಕೂ ಓದಿ ಹೇಳುವವಳ ಹಾಗೆ ಮೂರನೆಯ ಸಲ ಓದಿದಳು. ಮಗಳು ಒಂದು ಕೋಣೆ ತನ್ನದು ಎಂದು ಆಗಲೇ ಕುಣಿಯುತ್ತಿದ್ದಳು. ಅಂಗಡಿಯಿಂದ ಹೆಂಡತಿಯ ಅಣ್ಣ ಇಣುಕಿ, "ಆಯ್ತಂತಾ?" ಎಂದ. ಎಷ್ಟೋ ದಿನದ ಮೇಲೆ ಆಡಿದ ಮೊದಲ ಮಾತು.

"ಎಲ್ಲಾ ಆಯ್ತಲ್ಲ, ಮತ್ತೆ ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ?" ಎಂದಳು ಹೆಂಡತಿ.

"ನಾನೇ ಎಳೆದದ್ದು ಅಂದೆ ಕಣೆ. ಅವರು ನಂಬಲಿಲ್ಲ."

"ಹೇಳಿದ್ರಲ್ಲ, ಮುಗೀತು."

"ಬಾಯಲ್ಲಿ ಹೇಳಿದ್ರೆ ದಾಖಲೆ ಆಗಲ್ಲ. ಪಾಪ, ಸಾಹೇಬರು ಎರಡು ಸಾವಿರ ಸೊನ್ನೆ ಬರೀಬೇಕು. ನಾಳೆ ಬೆಳಗ್ಗೆ ಒಂದು ಪತ್ರ ಬರೆದು—"

ಅವಳು ಎದ್ದು ಬಂದು ನನ್ನ ಜೇಬಿನಿಂದ ಪೆನ್ನು ಎಳೆದುಕೊಂಡಳು. ಗುಂಡಿ ಡಬ್ಬಿಯೊಳಗೆ ಹಾಕಿ, ಮುಚ್ಚಳ ಒತ್ತಿ, ಡಬ್ಬಿಯ ಮೇಲೆ ಕೂತುಕೊಂಡಳು.

"ಮನೆ ಬೀಗದ ಕೈ ಬರೋ ತನಕ," ಎಂದಳು, "ಈ ಕಂಬ ಏಳಲ್ಲ."